ಹಂದಿಗೋಡು ಕಾಯಿಲೆ: ‘ಯಾರ ಪಾಪ?’ ಎಂಬ ಹಳೆಯ ಪ್ರಶ್ನೆ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಪುಟ್ಟ ಗ್ರಾಮ. ಆದರೆ ಅದರ ಹೆಸರು ವೈದ್ಯಕೀಯ ಗ್ರಂಥಗಳಲ್ಲಿ ಒಂದು ಕಾಯಿಲೆಯ ಹೆಸರಾಗಿ ದಾಖಲಾಗಿದೆ. 1970ರ ದಶಕದ ಮಧ್ಯಭಾಗದಲ್ಲಿ ಇಲ್ಲಿ ಮೊದಲು ಗಮನಕ್ಕೆ ಬಂದ ಈ ಮೂಳೆ-ಕೀಲುಗಳ ಕಾಯಿಲೆ ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿಯೂ ನೆರೆಯ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿಯೂ ಕಂಡುಬಂದಿದೆ. ಇದಕ್ಕೆ ತುತ್ತಾದವರು ಬಹುಮಟ್ಟಿಗೆ ಚಲವಾದಿ ಮತ್ತು ಚನ್ನಂಗಿ ಸಮುದಾಯಗಳ ಬಡ ಕೃಷಿ ಕೂಲಿಕಾರರು.

ಕಾಯಿಲೆಯ ಆರಂಭ ಸೊಂಟ ಮತ್ತು ಮಂಡಿಯ ನೋವಿನಿಂದ. ಕ್ರಮೇಣ ತೊಡೆಸಂದಿನ ಕೀಲು ಸವೆಯುತ್ತದೆ, ನಡಿಗೆ ಓಲಾಡುತ್ತದೆ, ಬೆನ್ನು ಬಾಗುತ್ತದೆ. ಕೆಲವರಿಗೆ ಕೀಲುನೋವು ಮಾತ್ರ. ಕೆಲವರಲ್ಲಿ ಬೆನ್ನುಮೂಳೆ ಚಪ್ಪಟೆಯಾಗಿ ಮುಂಡ ಗಿಡ್ಡವಾಗುತ್ತದೆ. ಇನ್ನು ಕೆಲವರು ಕುಬ್ಜರಾಗಿಯೇ ಉಳಿಯುತ್ತಾರೆ. ನಾಟಿ, ಕಳೆ, ಕೊಯ್ಲು ಎಂದು ಬಗ್ಗಿ ದುಡಿಯುವುದನ್ನೇ ನಂಬಿದ ಮನೆಯಲ್ಲಿ ಸೊಂಟ ಹೋಯಿತೆಂದರೆ ಅನ್ನ ಹೋಯಿತೆಂದೇ ಅರ್ಥ.

ಕಾರಣದ ಹುಡುಕಾಟ ಬಹುಕಾಲ ನಡೆಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು 1978ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರದಿ ಮಾಡಿದರು. ಭತ್ತದ ಗದ್ದೆಗೆ ಸಿಂಪಡಿಸಿದ ಕೀಟನಾಶಕ ಏಡಿಗಳ ಮೂಲಕ ಬಡವರ ಹೊಟ್ಟೆ ಸೇರಿತೆಂಬ ಶಂಕೆ ಆ ಕಾಲದಲ್ಲಿ ಬಲವಾಗಿತ್ತು. ಮುಂದಿನ ತಳಿವಿಜ್ಞಾನ ಅಧ್ಯಯನಗಳು ಇದನ್ನು ವಂಶವಾಹಿಯ ದೋಷವೆಂದು ಗುರುತಿಸಿದವು. ಅದೂ ಪ್ರಬಲ ಸ್ವರೂಪದ ದೋಷ: ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಸಾಕು, ಹುಟ್ಟುವ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ಸಮುದಾಯದೊಳಗೇ ನಡೆಯುವ ಮದುವೆಗಳಿಂದ ಅದು ಅಲ್ಲಿಯೇ ಉಳಿದುಕೊಂಡಿತು. ದಕ್ಷಿಣ ಆಫ್ರಿಕಾದ ಎಂಸೆಲೆನಿ ಎಂಬಲ್ಲಿ ಕ್ರೈಸ್ತ ಮಿಷನ್ ಆಸ್ಪತ್ರೆಯ ಸುತ್ತಲಿನ ಜನರಲ್ಲಿ ಇದನ್ನೇ ಹೋಲುವ ಕಾಯಿಲೆ ಇದ್ದು, 1997ರಲ್ಲಿ ತಜ್ಞರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಪರಿಶೀಲಿಸಿದ್ದಾರೆ.

ಕೀಟನಾಶಕವಾಗಿದ್ದರೆ ಹೊಣೆ ಹೊರಿಸಲು ಒಬ್ಬರಾದರೂ ಸಿಗುತ್ತಿದ್ದರು. ವಂಶವಾಹಿಯ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಆಗ ಪ್ರಶ್ನೆ ದೇವರ ಬಾಗಿಲಿಗೆ ಹೋಗುತ್ತದೆ. ಪೂರ್ವಜನ್ಮದ ಕರ್ಮವೆಂಬ ವಿವರಣೆ ನಮ್ಮಲ್ಲಿ ಎಲ್ಲರಿಗೂ ಪರಿಚಿತ. ಪುನರ್ಜನ್ಮವನ್ನು ಒಪ್ಪದ, ದೇವರು ಸರ್ವಶಕ್ತನೂ ಪ್ರೇಮಮಯನೂ ಎಂದು ಸಾರುವ ಕ್ರೈಸ್ತ ನಂಬಿಕೆಗೆ ಈ ಪ್ರಶ್ನೆ ಇನ್ನೂ ಕಠಿಣ. ಹಂದಿಗೋಡಿನ ರೋಗಿಗಳಲ್ಲಿ ಬಹುತೇಕರು ಕ್ರೈಸ್ತರಲ್ಲ. ಆದರೂ ಆ ಧರ್ಮದ ಮೂಲಗ್ರಂಥದಲ್ಲಿ ಈ ಕಾಯಿಲೆಗೆ ಹೊಂದುವ ಪ್ರಸಂಗವೊಂದಿದೆ.

ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲ, ಇವನದೋ ತಂದೆತಾಯಿಯದೋ ಎಂದು ಯೇಸುವನ್ನು ಕೇಳುತ್ತಾರೆ. ಇಬ್ಬರದೂ ಅಲ್ಲವೆಂದು ಉತ್ತರ. ತಂದೆತಾಯಿಯಿಂದಲೇ ಇಳಿದು ಬರುವ ಕಾಯಿಲೆಯ ಊರಿನಲ್ಲಿ ನಿಂತು ಓದಿದರೆ ಈ ಉತ್ತರದ ತೂಕ ತಿಳಿಯುತ್ತದೆ. ಕಾಯಿಲೆ ಪೋಷಕರಿಂದ ಬಂದಿರಬಹುದು, ಅಪರಾಧ ಅವರದಲ್ಲ.

ಆದರೆ ಅದರ ಬೆನ್ನಿಗೇ ಬರುವ ಮಾತು ತೊಡಕಿನದು. ಅವನಲ್ಲಿ ದೇವರ ಕಾರ್ಯ ಪ್ರಕಟವಾಗಲೆಂದು ಹೀಗಾಯಿತೆಂದು ಸಾಮಾನ್ಯವಾಗಿ ಅನುವಾದಿಸುತ್ತಾರೆ. ಹಾಗಾದರೆ ಪ್ರದರ್ಶನಕ್ಕಾಗಿ ಒಬ್ಬನನ್ನು ಕುರುಡನನ್ನಾಗಿ ಮಾಡಲಾಯಿತೇ? ಮೂಲ ಗ್ರೀಕ್ ಹಸ್ತಪ್ರತಿಗಳಲ್ಲಿ ಇಂದಿನಂಥ ವಿರಾಮ ಚಿಹ್ನೆಗಳಿರಲಿಲ್ಲ. ಆ ಮಾತನ್ನು ಮುಂದಿನ ವಾಕ್ಯಕ್ಕೆ ಸೇರಿಸಿ, ದೇವರ ಕಾರ್ಯ ಪ್ರಕಟವಾಗಬೇಕಾದರೆ ನಾವು ಕೆಲಸ ಮಾಡಬೇಕು ಎಂಬರ್ಥದಲ್ಲಿ ಓದುವ ವಿದ್ವಾಂಸರೂ ಇದ್ದಾರೆ. ಈ ಓದು ವ್ಯಾಕರಣದ ದೃಷ್ಟಿಯಿಂದ ಚರ್ಚಾಸ್ಪದವಾದರೂ ನೊಂದವನನ್ನು ಉದಾಹರಣೆಯಾಗಿ ಬಳಸಿಕೊಳ್ಳುವುದಿಲ್ಲ.

ಯೋಬನ ಗ್ರಂಥದ್ದೂ ಇದೇ ಜಾಡು. ಗುಟ್ಟಾಗಿ ಪಾಪ ಮಾಡಿರಬೇಕೆಂದು ಯೋಬನಿಗೆ ಉಪದೇಶಿಸಿದ ಗೆಳೆಯರನ್ನೇ ದೇವರು ಕಡೆಯಲ್ಲಿ ಗದರುತ್ತಾನೆ. ಯೋಬನಿಗೆ ಕಾರಣವನ್ನಂತೂ ಹೇಳುವುದಿಲ್ಲ. ಇನ್ನೊಂದು ಮುಖವೂ ಇದೆ. ಯಾಜಕಕಾಂಡದ 21ನೇ ಅಧ್ಯಾಯ ಅಂಗವೈಕಲ್ಯವಿದ್ದ ಪುರೋಹಿತರನ್ನು ನೈವೇದ್ಯ ಅರ್ಪಿಸದಂತೆ ತಡೆಯುತ್ತದೆ. ಕ್ಯಾಥೊಲಿಕ್ ಸಭೆಯ 1917ರ ಧರ್ಮಸಂಹಿತೆ ಗುರುದೀಕ್ಷೆಗೆ ಅಡ್ಡಿಯಾಗುವ ದೈಹಿಕ ಊನವನ್ನು ಹೆಸರಿಸಿತ್ತು. 1983ರ ಸಂಹಿತೆಯಲ್ಲಿ ಅದು ಕೈಬಿಟ್ಟುಹೋಯಿತು. ಬೋಧನೆ ಬದಲಾದಷ್ಟು ಬೇಗ ಬಾಗಿಲು ತೆರೆಯಲಿಲ್ಲ.

ನೋವಿಗೆ ಪ್ರಯೋಜನವಿದೆ ಎಂಬ ವಾದವನ್ನು ಬಲವಾಗಿ ಮಂಡಿಸಿದವರು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್. ಕುಷ್ಠರೋಗಿಗಳ ಬೆರಳು ನಶಿಸುವುದಕ್ಕೆ ಮುಖ್ಯ ಕಾರಣ ನೋವಿನ ಅರಿವು ಇಲ್ಲವಾಗುವುದು, ಆದ್ದರಿಂದ ನೋವು ರಕ್ಷಕ ಎಂಬುದು ಅವರ ಅನುಭವ. ಕುಷ್ಠದ ಮಟ್ಟಿಗೆ ಇದು ಸತ್ಯ. ಸವೆದ ತೊಡೆಸಂದಿನ ನೋವು ಮಾತ್ರ ಎಚ್ಚರಿಕೆ ಕೊಟ್ಟ ಮೇಲೂ ನಿಲ್ಲದು, ವರ್ಷಗಟ್ಟಲೆ ಕಾಡುತ್ತದೆ. ಹಂದಿಗೋಡಿನ ಮುಂದೆ ಈ ವಾದ ಅರ್ಧದಾರಿಗೇ ನಿಲ್ಲುತ್ತದೆ.

ಇದಕ್ಕಿಂತ ಹತ್ತಿರದ ದನಿ ಅಮೆರಿಕದ ನ್ಯಾನ್ಸಿ ಐಸ್‌ಲ್ಯಾಂಡ್ ಅವರದು. ಹುಟ್ಟಿನಿಂದಲೇ ಸೊಂಟದ ಮೂಳೆಯ ದೋಷವಿದ್ದ ಅವರು ಬಾಲ್ಯದಿಂದಲೇ ಹಲವು ಶಸ್ತ್ರಚಿಕಿತ್ಸೆಗಳನ್ನು ಕಂಡವರು. 1994ರಲ್ಲಿ ಪ್ರಕಟವಾದ ‘ದಿ ಡಿಸೇಬಲ್ಡ್ ಗಾಡ್’ ಅವರ ಕೃತಿ. ಪುನರುತ್ಥಾನಗೊಂಡ ಯೇಸುವಿನ ಕೈ-ಕಾಲುಗಳಲ್ಲಿ ಮೊಳೆಯ ಗಾಯಗಳು ಮಾಯದೆ ಉಳಿದಿದ್ದವೆಂಬುದೇ ಅವರ ವಾದದ ತಳಹದಿ: ದೇವರೇ ಊನಗೊಂಡ ದೇಹವನ್ನು ಧರಿಸಿದ್ದಾನೆಂದ ಮೇಲೆ ಊನ ಪಾಪದ ಗುರುತಾಗಲಾರದು. ಸ್ವರ್ಗದಲ್ಲಿ ನಿನ್ನ ದೇಹ ಸರಿಹೋಗುತ್ತದೆ ಎಂದು ಸಮಾಧಾನ ಹೇಳುವವರ ಮಾತು ಅವರಿಗೆ ಹಿಡಿಸಲಿಲ್ಲ. ಊನವಿಲ್ಲದಿದ್ದರೆ ತಮ್ಮನ್ನು ತಾವೇ ಗುರುತಿಸಲಾಗದು ಎಂಬುದು ಅವರ ನಿಲುವು. ಐಸ್‌ಲ್ಯಾಂಡ್ 2009ರಲ್ಲಿ ತೀರಿಕೊಂಡರು.

‘ಏಕೆ’ ಎಂಬುದಕ್ಕೆ ಇವರೂ ಉತ್ತರಿಸುವುದಿಲ್ಲ. ನೊಂದವನ ಮೇಲೆ ತಪ್ಪು ಹೊರಿಸುವುದನ್ನು ಮಾತ್ರ ನಿಲ್ಲಿಸುತ್ತಾರೆ. ಬೇರೆ ಮನೆತನಕ್ಕೆ ಹೆಣ್ಣು ಕೊಡುವಾಗ, ತರುವಾಗ ‘ಆ ರೋಗದವರು’ ಎಂಬ ಮಾತು ಏಳುವ ಕಡೆ ಇದು ಸಣ್ಣ ಸಂಗತಿಯಲ್ಲ.

ಉಳಿದದ್ದು ಲೌಕಿಕದ ಕೆಲಸ. ದೋಷವನ್ನು ಬೇರುಸಹಿತ ತೆಗೆಯುವ ಔಷಧಿ ಇಲ್ಲ. ಸೊಂಟದ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ ಹಲವರ ನೋವನ್ನು ತಗ್ಗಿಸಬಲ್ಲದು, ವಿವಾಹಪೂರ್ವ ತಳಿ ಸಲಹೆ ಮುಂದಿನ ಪೀಳಿಗೆಗೆ ನೆರವಾಗಬಲ್ಲದು. 1995ರ ಕಾಯ್ದೆ 7 ಬಗೆಯ ವೈಕಲ್ಯಗಳನ್ನಷ್ಟೇ ಪಟ್ಟಿ ಮಾಡಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿ, ವಯಸ್ಕರಲ್ಲಿ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಎತ್ತರದ ಕುಬ್ಜತೆಯನ್ನೂ ಸೇರಿಸಿಕೊಂಡಿದೆ. ಸರ್ಕಾರಿ ಹುದ್ದೆಗಳಲ್ಲಿ ಶೇ 4ರ ಮೀಸಲಾತಿಗೆ ಕನಿಷ್ಠ ಶೇ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಆ ಪತ್ರಕ್ಕಾಗಿ ಸೊಂಟ ಸವೆದವರು ಬಸ್ಸು ಹತ್ತಿ ಪಟ್ಟಣಕ್ಕೆ ಅಲೆಯುವ ಬದಲು ವೈದ್ಯರ ತಂಡವೇ ಕೇರಿಗೆ ಹೋಗಬಹುದಲ್ಲ.