ಚಳಿಗಿಂತ ಬೆವರೇ ವೈರಿ: ಪರ್ವತದ ಉಡುಪಿನ ನೂರು ವರ್ಷ

1922ರ ಬ್ರಿಟಿಷ್ ಎವರೆಸ್ಟ್ ತಂಡದಲ್ಲಿ ಜಾರ್ಜ್ ಫಿಂಚ್ ಎಂಬ ರಸಾಯನ ವಿಜ್ಞಾನಿ ಇದ್ದರು. ಬಲೂನಿಗೆ ಬಳಸುವ ಬಟ್ಟೆಯಲ್ಲಿ ಕೋಟು ಹೊಲಿಸಿ, ಒಳಗೆ ಈಡರ್ ಬಾತಿನ ತುಪ್ಪುಳ ತುಂಬಿಸಿಕೊಂಡು ಬಂದಿದ್ದರು. ಟ್ವೀಡ್ ಕೋಟು, ಉಣ್ಣೆಯ ಮಫ್ಲರ್ ಸುತ್ತಿಕೊಂಡಿದ್ದ ಉಳಿದವರಿಗೆ ಆ ಉಬ್ಬಿದ ಹಸಿರು ಕೋಟು ನಗೆಪಾಟಲಾಯಿತು. ಎತ್ತರದ ಗಾಳಿ ಬೀಸಿದ ಮೇಲೆ ನಗು ನಿಂತಿತು. ಮೇ 27ರಂದು ಫಿಂಚ್ ಮತ್ತು ಜೆಫ್ರಿ ಬ್ರೂಸ್ 8,300 ಮೀಟರ್ ದಾಟಿದರು. ಅಲ್ಲಿಯವರೆಗೆ ಮನುಷ್ಯರು ಅಷ್ಟು ಎತ್ತರಕ್ಕೆ ಏರಿರಲಿಲ್ಲ. ಆದರೂ 1924ರ ತಂಡಕ್ಕೆ ಫಿಂಚ್ ಅವರನ್ನು ಸೇರಿಸಿಕೊಳ್ಳಲಿಲ್ಲ. ಇದೇ ಫಿಂಚ್ ಮುಂದೆ 1952ರಿಂದ 1957ರವರೆಗೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. ಇಂದು ಮನಾಲಿಯ ಬೀದಿಬದಿಯಲ್ಲಿ ಬಾಡಿಗೆಗೆ ನೇತುಹಾಕಿರುವ ಪ್ರತಿಯೊಂದು ಡೌನ್ ಜಾಕೆಟ್ಟೂ ಅವರ ಆ ಕೋಟಿನ ವಂಶದ್ದೇ.

1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದ ಪರ್ವತಾರೋಹಿ ಜಾರ್ಜ್ ಮ್ಯಾಲರಿಯ ದೇಹ 1999ರ ಮೇ 1ರಂದು, 8,150 ಮೀಟರ್‌ಗೂ ಮೇಲೆ ಸಿಕ್ಕಿತು. ಅದು ಯಾರ ದೇಹವೆಂದು ಗುರುತಿಸಲು ನೆರವಾದದ್ದು ಅಂಗಿಯ ಕಾಲರಿಗೆ ಹೊಲಿದಿದ್ದ ಹೆಸರಿನ ಪಟ್ಟಿ. ಪಕ್ಕದಲ್ಲೇ ಇಂಗ್ಲೆಂಡಿನ ಗೊಡಾಲ್ಮಿಂಗ್ ಊರಿನ ಬಟ್ಟೆ ಅಂಗಡಿಯ ಚೀಟಿಯೂ ಇತ್ತು. ಮೈಮೇಲಿದ್ದದ್ದು ರೇಷ್ಮೆ, ಹತ್ತಿ, ಫ್ಲಾನೆಲ್, ಉಣ್ಣೆ, ಅದರ ಮೇಲೆ ಗ್ಯಾಬರ್ಡಿನ್. ಇಷ್ಟು ಅಲ್ಪ ಬಟ್ಟೆಯಲ್ಲಿ ಅಷ್ಟೆತ್ತರಕ್ಕೆ ಹೋದದ್ದೇ ಹುಚ್ಚು ಎಂದು ಬಹಳ ಜನ ತೀರ್ಪು ಕೊಟ್ಟಿದ್ದರು. ಸಂಶೋಧಕರು ಆ ಉಡುಪಿನ ಎಳೆ ಎಳೆ ಅಧ್ಯಯನ ಮಾಡಿ ತದ್ರೂಪು ಹೊಲಿಸಿದರು. 2006ರಲ್ಲಿ ಪರ್ವತಾರೋಹಿ ಗ್ರಹಾಂ ಹೊಯ್ಲ್ಯಾಂಡ್ ಅದನ್ನು ಎವರೆಸ್ಟಿನಲ್ಲೇ ತೊಟ್ಟು ನೋಡಿದರು. ಹಗುರವಾಗಿತ್ತು, ಕೈಕಾಲು ಸಲೀಸಾಗಿ ಆಡುತ್ತಿತ್ತು, ನಡೆಯುತ್ತಿರುವಷ್ಟು ಹೊತ್ತು ಬೆಚ್ಚಗೂ ಇತ್ತು. ಬಯಲಲ್ಲಿ ರಾತ್ರಿ ಕಳೆಯಬೇಕಾಗಿ ಬಂದರೆ ಮಾತ್ರ ಅದು ಸಾಲದು. ಅಂದರೆ ಪದರ ಪದರವಾಗಿ ತೊಡುವ ಜಾಣತನ ಈಗಿನ ಕಂಪನಿಗಳ ಆವಿಷ್ಕಾರವೇನಲ್ಲ.

ಪದರಗಳೇಕೆ ಬೇಕು? ಬೆಚ್ಚಗಿಡುವುದು ಬಟ್ಟೆಯಲ್ಲ, ಅದರೊಳಗೆ ಸಿಕ್ಕಿಕೊಂಡ ಗಾಳಿ. ಆ ಗಾಳಿಯ ಜಾಗಕ್ಕೆ ನೀರು ಬಂದರೆ ಕಥೆ ಮುಗಿಯಿತು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖ ಹೊತ್ತೊಯ್ಯುತ್ತದೆ. ಏರುವಾಗ ಬೆವರಿ, ತುದಿಯಲ್ಲಿ ಐದು ನಿಮಿಷ ಫೋಟೊಗೆ ನಿಂತಾಗ ಗಡಗಡ ನಡುಗುವುದು ಇದಕ್ಕೇ. ಹತ್ತಿಯ ಬನಿಯನ್ನಿನದು ಈ ವಿಷಯದಲ್ಲಿ ದೊಡ್ಡ ದ್ರೋಹ: ಬೆವರನ್ನು ಹೀರುತ್ತದೆ, ಬಿಟ್ಟುಕೊಡುವುದಿಲ್ಲ. ಉಣ್ಣೆ ನೆನೆದರೂ ಒಂದಿಷ್ಟು ಶಾಖ ಉಳಿಸುತ್ತದೆ. ಕಂಬಳಿ ಕೊಪ್ಪೆ ಹೊದ್ದು ಮಲೆನಾಡಿನ ಮಳೆಯಲ್ಲಿ ದಿನವಿಡೀ ಗದ್ದೆ ಕೆಲಸ ಮಾಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಪಾದದ ಚರಿತ್ರೆ ಇನ್ನೂ ಕಷ್ಟದ್ದು. ಮ್ಯಾಲರಿಯ ಕಾಲದ ಚರ್ಮದ ಬೂಟುಗಳ ಅಟ್ಟೆಗೆ ಹಿಡಿತಕ್ಕೆಂದು ಕಬ್ಬಿಣದ ಮೊಳೆ ಹೊಡೆದಿರುತ್ತಿದ್ದರು. ಆ ಮೊಳೆಗಳೇ ಪಾದದ ಶಾಖವನ್ನು ಹಿಮಕ್ಕೆ ಇಳಿಸುತ್ತಿದ್ದವು. 1935ರಲ್ಲಿ ಇಟಲಿಯ ಪುಂಟಾ ರಸಿಕಾ ಶಿಖರದಲ್ಲಿ ಆರು ಮಂದಿ ಸತ್ತ ದುರಂತವನ್ನು ಕಂಡ ಪರ್ವತಾರೋಹಿ ವಿತಾಲೆ ಬ್ರಮಾನಿ, 1937ರಲ್ಲಿ ಆಳವಾದ ಗೀರುಗಳುಳ್ಳ ರಬ್ಬರ್ ಅಟ್ಟೆ ತಯಾರಿಸಿದರು. ವೈಬ್ರಂ ಎಂಬ ಹೆಸರಿನಲ್ಲಿ ಇಂದಿಗೂ ಬೂಟಿನ ತಳದಲ್ಲಿ ಕಾಣುವುದು ಅದೇ. ಹಿಡಿತ ಸಿಕ್ಕಿದರೂ ಬೆರಳುಗಳು ಉಳಿಯಲಿಲ್ಲ. 1950ರಲ್ಲಿ ಅನ್ನಪೂರ್ಣಾ ಏರಿಳಿದ ಫ್ರಾನ್ಸಿನ ಮೊರಿಸ್ ಹೆರ್ಜಾಗ್ ದಾರಿಯಲ್ಲಿ ಕೈಗವಸು ಜಾರಿಸಿಕೊಂಡು ಬೆರಳುಗಳನ್ನೇ ಕಳೆದುಕೊಂಡರು. ಜೊತೆಗಾರ ಲಾಶೆನಾಲ್ ಅವರ ಕಾಲ್ಬೆರಳುಗಳೂ ಹೋದವು. ಇನ್ನೊಂದು ಜೊತೆ ಕೈಗವಸು ಚೀಲದಲ್ಲಿರಲೇಬೇಕು, ಕೈಯಲ್ಲಿರುವುದಕ್ಕೆ ಮಣಿಕಟ್ಟಿಗೆ ಕಟ್ಟುವ ದಾರವಿರಬೇಕು ಎಂದು ಚಾರಣದ ಮುಖಂಡರು ಪದೇ ಪದೇ ಹೇಳುವುದು ಬರೀ ಕಿರಿಕಿರಿಯಲ್ಲ.

1953ರಲ್ಲಿ ಬ್ರಿಟಿಷ್ ಎವರೆಸ್ಟ್ ತಂಡದ ಎತ್ತರದ ಬೂಟುಗಳಿಗೆ ಕಪೋಕ್ ಎಳೆ ತುಂಬಿದ್ದರು. ನಮ್ಮಲ್ಲಿ ದಿಂಬಿಗೆ ತುಂಬುವ ಬಿಳಿ ಬೂರುಗದ ಹತ್ತಿಯೇ ಅದು. ಇಷ್ಟಾದರೂ ಮೇ 29ರ ಬೆಳಿಗ್ಗೆ, ರಾತ್ರಿ ಕಳಚಿಟ್ಟಿದ್ದ ಬೂಟು ಕಲ್ಲಿನಂತೆ ಗಟ್ಟಿಯಾದದ್ದನ್ನು ಕಂಡ ಎಡ್ಮಂಡ್ ಹಿಲರಿ, ಸ್ಟೌವಿನ ಮೇಲೆ ಅವನ್ನು ಎರಡು ಗಂಟೆ ಕಾಯಿಸಬೇಕಾಯಿತು. ಒಳಬೂಟನ್ನು ಬೇರೆಯಾಗಿ ತೆಗೆದು ಮಲಗುಚೀಲದೊಳಗೆ ಇಟ್ಟುಕೊಳ್ಳಬಹುದಾದ ಜೋಡಿ ಬೂಟುಗಳು ನೀಗಿಸಿದ್ದು ಈ ತೊಂದರೆಯನ್ನೇ.

ಮುಂದಿನ ತಿರುವು ಕಾರ್ಖಾನೆಗಳದು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಬಿಸಿ ಮಾಡಿದ ಟೆಫ್ಲಾನ್ ಜಾತಿಯ ಸರಳನ್ನು ಮೆಲ್ಲಗೆ ಎಳೆದು ನೋಡಿದರು, ಮುರಿಯುತ್ತಿತ್ತು. ರೋಸಿಹೋಗಿ ಜೋರಾಗಿ ಎಳೆದಾಗ ಮುರಿಯದೆ ಹಲವು ಪಟ್ಟು ಹಿಗ್ಗಿತು, ತುಂಬ ಸೂಕ್ಷ್ಮ ರಂಧ್ರಗಳಾದವು. ಮಳೆಯ ಹನಿ ನುಗ್ಗಲಾರದ, ಬೆವರಿನ ಆವಿ ನುಸುಳಬಲ್ಲ ಗೋರ್-ಟೆಕ್ಸ್ 1976ರಲ್ಲಿ ಮಾರುಕಟ್ಟೆಗೆ ಬಂತು. 1980ರ ಆಸುಪಾಸಿನಲ್ಲಿ ಮಾಲ್ಡನ್ ಮಿಲ್ಸ್ ಮತ್ತು ಪೆಟಗೋನಿಯಾ ಕಂಪನಿಗಳು ಸೇರಿ ಪಾಲಿಯೆಸ್ಟರಿನ ಫ್ಲೀಸ್ ಬಟ್ಟೆ ರೂಪಿಸಿದವು. ನೆನೆದರೆ ಬೇಗ ಒಣಗುತ್ತದೆ, ಆದರೆ ಗಾಳಿ ತಡೆಯುವುದಿಲ್ಲ. ಹೀಗೆ ಬೆವರು ಸಾಗಿಸುವ ಒಳಪದರ, ಗಾಳಿ ಹಿಡಿದಿಡುವ ನಡುಪದರ, ಮಳೆ ಗಾಳಿ ತಡೆಯುವ ಹೊರಪದರ ಎಂಬ ಮೂರು ಪದರಗಳ ಸೂತ್ರ ಗಟ್ಟಿಯಾಯಿತು. ‘ಉಸಿರಾಡುವ ಬಟ್ಟೆ’ ಎಂಬ ಜಾಹೀರಾತನ್ನು ಮಾತ್ರ ಪೂರ್ತಿ ನಂಬಬೇಡಿ. ಹೊರಗೆ ತೇವ ಜಾಸ್ತಿಯಿದ್ದಾಗ ಆವಿ ಹೊರಹೋಗುವುದು ನಿಧಾನ. ಕಂಕುಳಿನ ಜಿಪ್ ಎಳೆಯುವುದು, ಏರು ಶುರುವಾಗುವ ಮುನ್ನವೇ ಒಂದು ಪದರ ಕಳಚುವುದು ಹೆಚ್ಚು ಫಲ ಕೊಡುತ್ತದೆ.

ಭಾರತದಲ್ಲಿ ಈ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಬೇಕಾದದ್ದು ಸೈನ್ಯಕ್ಕೆ. 1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಮನದಿಯನ್ನು ಹಿಡಿಯಲು ಆಪರೇಷನ್ ಮೇಘದೂತ್ ನಡೆಯಿತು. ಪಾಕಿಸ್ತಾನ ಲಂಡನ್ನಿನ ವ್ಯಾಪಾರಿಯೊಬ್ಬನಿಂದ ಹಿಮದ ಉಡುಪು ತರಿಸುತ್ತಿದೆ ಎಂಬ ಸುಳಿವಿನಿಂದಲೇ ಭಾರತ ಎಚ್ಚೆತ್ತಿತು ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ.

ಈಗ ಬೆಂಗಳೂರಿನ ಕ್ರೀಡಾ ಮಳಿಗೆಗಳಲ್ಲೇ ಈ ಉಡುಪುಗಳೆಲ್ಲ ಸಿಗುತ್ತವೆ. ಕೊಳ್ಳುವ ಕ್ರಮ ಮಾತ್ರ ತಲೆಕೆಳಗು: ಮೊದಲು ದಪ್ಪ ಜಾಕೆಟ್, ಕೊನೆಗೆ ದುಡ್ಡು ಮಿಕ್ಕಿದರೆ ಬೂಟು. ನನ್ನ ಲೆಕ್ಕದಲ್ಲಿ ಬೂಟು, ಒಳಪದರ, ನಂಬಿಕಸ್ಥ ಮಳೆಯಂಗಿ ಸ್ವಂತದ್ದಾಗಿರಲಿ. ವರ್ಷಕ್ಕೊಮ್ಮೆ ಬೇಕಾಗುವ ಡೌನ್ ಜಾಕೆಟ್ ಬಾಡಿಗೆಗೆ ಸಾಕು. ಮಲಗುಚೀಲದ ಪಟ್ಟಿಯಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂದು ಮೂರು ಅಂಕಿಗಳಿರುತ್ತವೆ. ಎಕ್ಸ್‌ಟ್ರೀಮ್ ಎಂದರೆ ಜೀವ ಉಳಿದೀತು ಎನ್ನುವ ಮಟ್ಟ, ನಿದ್ದೆಯ ಮಾತೇ ಇಲ್ಲ. ನೋಡಬೇಕಾದದ್ದು ಕಂಫರ್ಟ್ ಅಂಕಿ.

ಋತುವಿನ ಲೆಕ್ಕವೂ ಎಡವಿಸುತ್ತದೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಕರ್ನಾಟಕದಿಂದ ಹೋಗಿದ್ದ ತಂಡದ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಆ ಸಾವುಗಳನ್ನು ಉಡುಪಿನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಪ್ರತಿ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ತಾಪ ಇಳಿಯುವ ಬೆಟ್ಟದಲ್ಲಿ, ಜೂನ್ ತಿಂಗಳೆಂದು ಹೊರಪದರವನ್ನು ಬಿಟ್ಟುಹೋಗುವ ಹಾಗಿಲ್ಲ.

ಇತ್ತೀಚಿನ ಬೆಳವಣಿಗೆಗೆ ಚಳಿಯ ಸಂಬಂಧವೇ ಇಲ್ಲ. ಜಾಕೆಟ್ಟಿನ ಮೇಲೆ ನೀರು ಮುತ್ತಾಗಿ ಉರುಳುವಂತೆ ಮಾಡುತ್ತಿದ್ದ ಫ್ಲೋರಿನ್ ಲೇಪಗಳು ಮಣ್ಣು, ನೀರಿನಲ್ಲಿ ಕೊಳೆಯದೆ ಉಳಿಯುತ್ತವೆಂದು ಕಂಪನಿಗಳು ಅವನ್ನು ಕೈಬಿಡುತ್ತಿವೆ. ಬದಲಿ ಲೇಪಗಳು ನೀರನ್ನು ತಡೆಯುತ್ತವೆ, ಮೈಯ ಎಣ್ಣೆಜಿಡ್ಡನ್ನು ತಡೆಯಲಾರವು. ಹಾಗಾಗಿ ಹೊಸ ಜಾಕೆಟ್ಟನ್ನು ಹಳೆಯದಕ್ಕಿಂತ ಹೆಚ್ಚು ಸಲ ಒಗೆಯಬೇಕು, ಒಗೆದ ಮೇಲೆ ಅದರ ಪಟ್ಟಿಯಲ್ಲಿ ಹೇಳಿದಷ್ಟು ಶಾಖ ತಾಗಿಸಬೇಕು.