ಅಪರಾಧಿ ಬುಡಕಟ್ಟುಗಳ ಕಾಯ್ದೆಯ ರದ್ದತಿ ಮತ್ತು ರೂಢಿಗತ ಅಪರಾಧಿಯ ಪರಿಕಲ್ಪನೆ

ಪದೇ ಪದೇ ಅಪರಾಧವೆಸಗುವವರನ್ನು ಬಂಧಮುಕ್ತಗೊಳಿಸಬಹುದೇ ಎಂಬ ಪ್ರಶ್ನೆಯು ಭಾರತದಲ್ಲಿ ವ್ಯಕ್ತಿಗಳೊಂದಿಗೆ ಇಡೀ ಸಮುದಾಯಗಳನ್ನು ಕುರಿತೂ ಚರ್ಚಿತವಾಗಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದು, 1911ರ ಕಾಯ್ದೆಯ ಮೂಲಕ ದಕ್ಷಿಣದ ಪ್ರಾಂತಗಳನ್ನೂ ವ್ಯಾಪಿಸಿತು. ಮುಂಬಯಿ ಕರ್ನಾಟಕದಲ್ಲಿ ಗಂಟಿಚೋರ, ಹರಣಶಿಕಾರಿ, ಕಂಜರಭಾಟ ಮೊದಲಾದ ಸಮುದಾಯಗಳ ಕುಟುಂಬಗಳನ್ನು ಹುಬ್ಬಳ್ಳಿ, ಗದಗ, ವಿಜಾಪುರ ಮುಂತಾದೆಡೆ ಸ್ಥಾಪಿತವಾದ ವಸಾಹತುಗಳಲ್ಲಿ ಇರಿಸಲಾಯಿತು. ಹುಬ್ಬಳ್ಳಿ ಹಾಗೂ ಗದಗಿನಲ್ಲಿ ಉಳಿದುಬಂದಿರುವ ‘ಸೆಟ್ಲಮೆಂಟ್’ ಎಂಬ ಸ್ಥಳನಾಮವು ಈ ವ್ಯವಸ್ಥೆಯ ಕುರುಹಾಗಿದೆ.

ಈ ಕಾಯ್ದೆಯ ಕಾರ್ಯವಿಧಾನವನ್ನು ಇಲ್ಲಿ ಗಮನಿಸಬೇಕು. ಅಧಿಸೂಚಿತ ಸಮುದಾಯದ ಸದಸ್ಯರ ಹೆಸರು, ಬೆರಳಚ್ಚುಗಳು ದಾಖಲಾಗುತ್ತಿದ್ದವು. ಗೊತ್ತುಪಡಿಸಿದ ವೇಳೆಗೆ ಹಾಜರಿ ನೀಡದಿರುವುದು, ರಹದಾರಿಯಿಲ್ಲದೆ ಊರು ಬಿಡುವುದು ಶಿಕ್ಷಾರ್ಹವಾಗಿದ್ದವು. ಉಲ್ಲಂಘನೆ ಮರುಕಳಿಸಿದಲ್ಲಿ ಶಿಕ್ಷೆಯೂ ಹೆಚ್ಚುತ್ತಿತ್ತು. 1924ರ ಕಾಯ್ದೆಯು ಈ ಸಮುದಾಯಗಳವರು ನಿರ್ದಿಷ್ಟ ಅಪರಾಧಗಳಿಗಾಗಿ ಎರಡನೆಯ ಬಾರಿ ದೋಷಿಗಳೆನಿಸಿದರೆ ಕನಿಷ್ಠ 7 ವರ್ಷಗಳ ಸೆರೆವಾಸವನ್ನೂ ಮೂರನೆಯ ಬಾರಿಗೆ ಜೀವಾವಧಿ ಗಡೀಪಾರನ್ನೂ ವಿಧಿಸಲು ಅವಕಾಶ ಕಲ್ಪಿಸಿತ್ತು. ಬೇರೊಬ್ಬರಿಗೆ ಅಪರಾಧವೇ ಅಲ್ಲದ ಸಂಚಾರವು ಇವರ ಪಾಲಿಗೆ ‘ಪೂರ್ವಚರಿತ್ರೆ’ಯಾಯಿತು.

ಸ್ವಾತಂತ್ರ್ಯಾನಂತರ ಈ ಕಾಯ್ದೆಯನ್ನು ಪರಿಶೀಲಿಸಲು 1949ರಲ್ಲಿ ಅನಂತಶಯನಂ ಅಯ್ಯಂಗಾರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ನಿರ್ಬಂಧ ತೆರವಾದರೆ ಕಳ್ಳತನ, ದರೋಡೆಗಳು ಹೆಚ್ಚುವವೆಂಬ ಆತಂಕ ಒಂದೆಡೆ, ಹುಟ್ಟಿನ ಆಧಾರದ ಮೇಲೆ ಕಳಂಕ ಹೊರಿಸುವುದು ಸಂವಿಧಾನದ ಸಮಾನತೆಗೆ ವಿರುದ್ಧವೆಂಬ ವಾದ ಇನ್ನೊಂದೆಡೆ ಇದ್ದವು. ಸಮಿತಿಯು ಮಧ್ಯಮಾರ್ಗವನ್ನು ಹಿಡಿಯಿತು: ಕಾಯ್ದೆಯನ್ನು ರದ್ದುಗೊಳಿಸಿ, ಜಾತಿಭೇದವಿಲ್ಲದೆ ಎಲ್ಲ ರೂಢಿಗತ ಅಪರಾಧಿಗಳಿಗೂ ಅನ್ವಯಿಸುವ ಕಾನೂನನ್ನು ರೂಪಿಸಬೇಕೆಂದು ಶಿಫಾರಸು ಮಾಡಿತು. 1952ರ ಆಗಸ್ಟ್ 31ರಂದು ಹಳೆಯ ಕಾಯ್ದೆ ರದ್ದಾಯಿತು. ಮೈಸೂರು ರಾಜ್ಯದಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಯು 1961ರಲ್ಲಿ ರಚಿತವಾಯಿತು.

ತತ್ತ್ವತಃ ಇದು ಮಹತ್ತರ ಪಲ್ಲಟ. ಹುಟ್ಟಿನ ಸ್ಥಾನವನ್ನು ನ್ಯಾಯಾಲಯದ ತೀರ್ಪು ಪಡೆಯಿತು. ಆದರೆ ನೋಂದಣಿ ಹಾಗೂ ನಿಗಾವಣೆಯ ಸಾಧನಗಳು ಹೊಸ ಕಾನೂನುಗಳಲ್ಲಿಯೂ ಮುಂದುವರಿದವು. ಈ ಕಾನೂನುಗಳನ್ನು ರದ್ದುಪಡಿಸುವಂತೆ ಜನಾಂಗೀಯ ತಾರತಮ್ಯ ನಿವಾರಣೆಗೆ ಸಂಬಂಧಿಸಿದ ವಿಶ್ವಸಂಸ್ಥೆಯ ಸಮಿತಿಯು 2007ರಲ್ಲಿ ಸಲಹೆ ನೀಡಿತು. 2024ರ ಅಕ್ಟೋಬರ್ 3ರಂದು, ಕಾರಾಗೃಹಗಳಲ್ಲಿನ ಜಾತಿ ತಾರತಮ್ಯವನ್ನು ಕುರಿತ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿಮುಕ್ತ ಬುಡಕಟ್ಟುಗಳವರನ್ನು ರೂಢಿಗತ ಅಪರಾಧಿಗಳೆಂದು ಪರಿಗಣಿಸುವ ಕಾರಾಗೃಹ ಕೈಪಿಡಿಗಳ ಧೋರಣೆಯನ್ನು ತಿರಸ್ಕರಿಸಿತು.

ಅಪರಾಧದ ಪುನರಾವರ್ತನೆಯಿಂದ ಸಮಾಜವನ್ನು ರಕ್ಷಿಸಬೇಕೆಂಬ ಕಾಳಜಿ ಸಕಾರಣವಾದುದೇ. ಆದರೆ ಹೆಚ್ಚು ನಿಗಾಕ್ಕೊಳಗಾದವರ ಹೆಸರೇ ಪೊಲೀಸ್ ದಾಖಲೆಗಳಲ್ಲಿ ಹೆಚ್ಚು ಬಾರಿ ಕಾಣಿಸಿಕೊಳ್ಳುವುದು ಸಹಜ. ಆದ್ದರಿಂದ ಬಿಡುಗಡೆಯನ್ನು ಕುರಿತ ಯಾವುದೇ ಚರ್ಚೆಯು ‘ರೂಢಿ’ಯನ್ನು ದಾಖಲಿಸಿದವರು ಯಾರು, ಯಾವ ನಿಯಮದಡಿ ದಾಖಲಿಸಿದರು ಎಂಬುದನ್ನೂ ವಿಚಾರಿಸಬೇಕೆಂದು ಈ ಇತಿಹಾಸವು ಸೂಚಿಸುತ್ತದೆ.