ಹಿಂದಿರುಗಿಸಲು ಏನೂ ಇಲ್ಲದವರು

ಕಮ್ಯುನಿಸ್ಟ್ ಆಳ್ವಿಕೆ ಕುಸಿದ ಮೇಲೆ ಪೂರ್ವ ಯುರೋಪು ಮಾರುಕಟ್ಟೆಗೆ ಹೇಗೆ ಹೊರಳಬೇಕು ಅನ್ನುವ ಚರ್ಚೆಯನ್ನು ನಾನು ವಿದ್ಯಾರ್ಥಿಯಾಗಿ ಓದಿದೆ, ಈಗ ಮೇಷ್ಟ್ರಾಗಿ ಹೇಳಿಕೊಡುತ್ತಿದ್ದೇನೆ. ಅದು ಮುಖ್ಯವಾಗಿ ವೇಗದ ಚರ್ಚೆ. ಜೆಫ್ರಿ ಸ್ಯಾಕ್ಸ್ ಥರದವರು ಒಂದೇ ಏಟಿಗೆ ಮುಗಿಸಿ ಅಂದರು. 1990ರ ಜನವರಿಯಲ್ಲಿ ಪೋಲೆಂಡ್ ಹಾಗೇ ಮಾಡಿತು. ಜೋಸೆಫ್ ಸ್ಟಿಗ್ಲಿಟ್ಸ್ ಥರದವರು ಮೊದಲು ಸಂಸ್ಥೆಗಳನ್ನು ಕಟ್ಟಿ, ಚೀನಾದ ಹಾಗೆ ನಿಧಾನಕ್ಕೆ ಹೋಗಿ ಅಂದರು. ಗಾಡಿ ಎಷ್ಟು ಜೋರಾಗಿ ಹೋಗಬೇಕು ಅನ್ನೋದೇ ಜಗಳ. ಗಾಡಿಯಲ್ಲಿ ಯಾರಿಗೆ ಜಾಗ ಇಲ್ಲ ಅಂತ ಕೇಳಿದವರು ಕಡಿಮೆ. ಈ ಪ್ರಶ್ನೆಯನ್ನು ಚೆಕೊಸ್ಲೊವಾಕಿಯಾದ ರೋಮಾ ಜನರ ಚರಿತ್ರೆಯಿಂದ ಕೇಳಬೇಕು. ಇವರು ಶತಮಾನಗಳ ಹಿಂದೆ ಭಾರತದಿಂದ ಹೋದವರು. ಅವರ ಭಾಷೆ ಹಿಂದಿಯ ಬಳಗದ್ದು.

ಕಮ್ಯುನಿಸ್ಟ್ ಪ್ರಭುತ್ವ ಇವರನ್ನು ಒಂದು ಜನಾಂಗವೆಂದು ಒಪ್ಪಲಿಲ್ಲ, ದುಡಿಯುವ ಕೈಗಳೆಂದು ಮಾತ್ರ ಒಪ್ಪಿತು. 1958ರ ಕಾನೂನು ಅವರ ಅಲೆದಾಟವನ್ನು ನಿಷೇಧಿಸಿತು. ಗಾರೆ ಕೆಲಸ, ಗಣಿ, ಉಕ್ಕಿನ ಕಾರ್ಖಾನೆ, ಸಹಕಾರಿ ಬೇಸಾಯ, ಎಲ್ಲ ಕಡೆ ಕೆಳಗಿನ ಕೆಲಸವೇ ಅವರದು. ಆದರೂ ಸಂಬಳ ಇತ್ತು. ಇದೇ ಪ್ರಭುತ್ವ 1970ರ ದಶಕದಿಂದ ಹಣದ ಆಸೆ ತೋರಿಸಿ, ಒತ್ತಡ ಹೇರಿ ರೋಮಾ ಹೆಂಗಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿತು. ಹಳೆಯ ಕಾಲ ನೆನೆದು ನಿಟ್ಟುಸಿರು ಬಿಡುವ ನಮ್ಮ ಎಡಪಂಥೀಯ ಗೆಳೆಯರು ಇದನ್ನೂ ನೆನೆಯಬೇಕು.

1991ರ ಜನವರಿಯಲ್ಲಿ ಬೆಲೆಗಳ ಹಿಡಿತ ಸಡಿಲವಾಯ್ತು. 1948ರ ಫೆಬ್ರವರಿಯ ನಂತರ ಸರ್ಕಾರ ಕಿತ್ತುಕೊಂಡ ಹೊಲ, ಆಸ್ತಿಯನ್ನು ಹಳೆಯ ಒಡೆಯರಿಗೆ, ವಾರಸುದಾರರಿಗೆ ಹಿಂದಿರುಗಿಸುವ ಕಾನೂನೂ ಅದೇ ವರ್ಷ ಬಂತು. ಕಳಕೊಂಡವರಿಗೆ ಅದು ನ್ಯಾಯವೇ. ಆದರೆ 1948ರಲ್ಲಿ ಹೊಲವೇ ಇಲ್ಲದಿದ್ದ ರೋಮಾ ಕೂಲಿಗೆ ಏನನ್ನು ಹಿಂದಿರುಗಿಸೋದು? ನಲವತ್ತು ವರ್ಷದ ಬೆವರು ಹೊಲದ ಮೇಲಿನ ಹಕ್ಕಾಗಲಿಲ್ಲ. 1992ರಲ್ಲಿ ಕಾರ್ಖಾನೆಗಳ ಷೇರಿಗೆ ಕೂಪನ್ ಬಂತು. ಸಾವಿರ ಕ್ರೌನ್ ಕೊಟ್ಟರೆ ಯಾವ ವಯಸ್ಕ ಪ್ರಜೆಗಾದರೂ ಸಿಗುತ್ತಿತ್ತು. ಕಾಗದದ ಮೇಲೆ ಎಲ್ಲರೂ ಸಮಾನರು. ಅದೇ ಕಾರ್ಖಾನೆಗಳಲ್ಲಿ ಆಳು ಕಡಿತವಾದಾಗ ಮೊದಲು ಹೊರಬಿದ್ದವರಲ್ಲಿ ರೋಮಾ ಜನರಿದ್ದರು. ಕಾರಣ ಏನಪ್ಪಾ ಅಂದ್ರೆ, ಕೌಶಲ ಇಲ್ಲ.

ಕೌಶಲ ಎಲ್ಲಿಂದ ಬರಬೇಕು? ಅವರ ಮಕ್ಕಳನ್ನು ಬುದ್ಧಿಮಾಂದ್ಯರ ಶಾಲೆಗಳಿಗೆ ತಳ್ಳಿದ್ದರು. ಆಸ್ಟ್ರಾವಾ ನಗರದ 18 ಮಕ್ಕಳ ಮೊಕದ್ದಮೆಯಲ್ಲಿ ಇದು ತಾರತಮ್ಯವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟದ್ದು 2007ರಲ್ಲಿ. ಪ್ರಭುತ್ವ ಕಲಿಸಲಿಲ್ಲ, ಕಲಿತಿಲ್ಲವೆಂದು ಮಾರುಕಟ್ಟೆ ಹೊರಹಾಕಿತು.

ಅಭಿವೃದ್ಧಿಯ ಸಿದ್ಧಾಂತ ಯಾವುದೇ ಇರಲಿ, ದಲಿತ ವಿಮರ್ಶೆ ಅದಕ್ಕೆ ಕೇಳಬೇಕಾದ ಮೊದಲ ಮಾತು ವೇಗದ್ದಲ್ಲ. ಆಸ್ತಿಯ ಲೆಕ್ಕವನ್ನು ಯಾವ ಇಸವಿಯಿಂದ ಶುರುಮಾಡಿದಿರಿ, ಆ ಇಸವಿಯಲ್ಲಿ ಯಾರ ಕೈ ಬರಿದಾಗಿತ್ತು?